ಸೂಜಿ-ದಾರ ಒಳಗೇ ಇದೆಯಂತೆ!

ಮೊಳಕಾಲ್ಮೂರಿನ ಮಗ್ಗದಲ್ಲಿ ಹೊಕ್ಕಿನ ಎಳೆ ಒಂದೊಂದಾಗಿ ಕೂತು ರೇಷ್ಮೆ ಸೀರೆಯಾಗುತ್ತದೆ. ಕಂಪ್ಯೂಟರ್ ಪರದೆಯ ಚಿತ್ರವೂ ಹಾಗೆಯೇ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮೂಡುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ. ಒಂದು ಮುಗಿಯುವ ಮೊದಲೇ ಇನ್ನೊಂದು ನುಗ್ಗಿದರೆ ಮೇಲೆ ಹಳೆಯ ಚಿತ್ರ, ಕೆಳಗೆ ಹೊಸದು, ನಡುವೆ ಹರಿದ ಗೆರೆ. ಚಳ್ಳಕೆರೆಯಲ್ಲಿ ನಾನು ಪಾಠದ ವಿಡಿಯೋ ಹಾಕಿದಾಗಲೆಲ್ಲ ಮಕ್ಕಳು ಕಾಣುವುದು ಇದನ್ನೇ.

ಮದ್ದಿಲ್ಲವೆಂದಲ್ಲ. ಲಿನಕ್ಸ್‌ನ ಹಳೆಯ ಎಕ್ಸ್ ವ್ಯವಸ್ಥೆಯ ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ‘ಟಿಯರ್‌ಫ್ರೀ’ ಎಂಬ ಆಯ್ಕೆಯಿದೆ. ಹಿಂದಿನ ಚಿತ್ರ ಮುಗಿಯುವವರೆಗೆ ಹೊಸದನ್ನು ಅದು ತಡೆದಿಡುತ್ತದೆ. ಆದರೆ ಸಾಮಾನ್ಯವಾಗಿ ಅದನ್ನು ಆಫ್ ಮಾಡಿಯೇ ಕೊಡುತ್ತಾರೆ. ಏಕೆ? ಮೆಮೊರಿ ಕೊಂಚ ಹೆಚ್ಚು ಬೇಕು. ಆಟವಾಡುವವರಿಗೆ ಕ್ಷಣದ ತಡವೂ ಆಗದು.

ಹರಿದ ಸೀರೆ ಕೊಟ್ಟು ‘ಸೂಜಿ-ದಾರ ಒಳಗೇ ಇದೆ, ಹೊಲಿದುಕೊಳ್ಳಿ’ ಎಂದರೆ ನಾವು ಕೊಳ್ಳುತ್ತೇವೆಯೇ?

ಆಟವಾಡುವವರಿಗೆ ಸೆಟ್ಟಿಂಗ್ ಬದಲಿಸುವುದು ಗೊತ್ತು. ಅದು ಎಲ್ಲಿದೆಯೆಂಬುದನ್ನೇ ಅರಿಯದವರು ನಾವು, ಮೇಷ್ಟ್ರು-ಮೇಡಂಗಳು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಇದನ್ನು ತಿರುವಿಹಾಕಿತು: ಅಲ್ಲಿ ಇಡಿಯಾದ ಚಿತ್ರವೇ ನಿಯಮ, ಹರಿದರೂ ವೇಗ ಬೇಕೆನ್ನುವವರು ಕೇಳಿ ಪಡೆಯಬೇಕು. ಹಳೆಯ ಯಂತ್ರಗಳಿಗೂ ಅದೇ ನ್ಯಾಯವಾಗಲಿ. ಬಲ್ಲವರು ಬದಲಿಸಿಕೊಳ್ಳಲಿ, ಅರಿಯದವರ ಕೈಗೆ ಇಡೀ ಸೀರೆಯನ್ನೇ ಕೊಡಿ.