ಎರಡು ದಿನಕ್ಕೆ ಬಂದವರಿಗೆ ಇಡೀ ಹೈದರಾಬಾದ್ ಯಾಕೆ?

ಹೈದರಾಬಾದಿನಲ್ಲಿ ಕೆಲಸ ಮಾಡುವ ಕನ್ನಡಿಗರ ಮನೆಗೆ ನೆಂಟರು ಬರುವುದು ಹೆಚ್ಚಾಗಿ ಎರಡೇ ದಿನಕ್ಕೆ. ಶನಿವಾರ ಬೆಳಿಗ್ಗೆ ಕಾಚಿಗುಡದಲ್ಲಿ ಇಳಿಯುತ್ತಾರೆ, ಭಾನುವಾರ ರಾತ್ರಿ ಹತ್ತುತ್ತಾರೆ. ಯಶವಂತಪುರಕ್ಕೆ ವಂದೇ ಭಾರತ್ ಶುರುವಾದ ಮೇಲೆ, ಅಂದರೆ 2023ರ ಸೆಪ್ಟೆಂಬರಿನಿಂದ, ಈ ಬಂದುಹೋಗುವಿಕೆ ಇನ್ನೂ ಸುಲಭವಾಗಿದೆ. ಸಂತೋಷವೇ. ಆದರೆ ಅವರು ಬರುವ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಒಂದು ಪಟ್ಟಿ ಬಂದಿರುತ್ತದೆ. ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್, ಬಿರ್ಲಾ ಮಂದಿರ, ಹುಸೇನ್ ಸಾಗರದ ಬುದ್ಧ, ರಾಮೋಜಿ ಫಿಲ್ಮ್ ಸಿಟಿ, ಮುತ್ತಿನ ಅಂಗಡಿ, ಬಿರಿಯಾನಿ. ಪಟ್ಟಿಯ ಕೊನೆಗೆ ‘ಟೈಮ್ ಇದ್ರೆ ನಿನ್ನ ಆಫೀಸು’ ಎಂದೂ ಇರುತ್ತದೆ.

ನನ್ನ ಅಭಿಪ್ರಾಯ ನೇರವಾಗಿದೆ: ಈ ಪಟ್ಟಿಯಲ್ಲಿ ಎರಡನ್ನು ಉಳಿಸಿಕೊಂಡು ಉಳಿದದ್ದನ್ನು ಹೊಡೆದುಹಾಕಬೇಕು. ಆ ಕೆಲಸ ಮಾಡಬೇಕಾದವರು ಇಲ್ಲಿರುವ ನಾವು, ಬರುವವರಲ್ಲ. ಯಾಕೆಂದರೆ ಈ ಊರಿನ ದೂರ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ನಮ್ಮಲ್ಲಿ ಬಹಳ ಮಂದಿ ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರದ ಕಡೆ ಇದ್ದೇವೆ. ಅದು ನಗರದ ಪಶ್ಚಿಮ. ರಾಮೋಜಿ ಫಿಲ್ಮ್ ಸಿಟಿ ಇರುವುದು ಪೂರ್ವಕ್ಕೆ, ವಿಜಯವಾಡ ಹೆದ್ದಾರಿಯಲ್ಲಿ. ಹೋಗಿಬರುವುದೇ ಅರ್ಧ ದಿನದ ಕೆಲಸ, ಒಳಗೆ ಸುತ್ತುವುದು ಇನ್ನೊಂದು ಪೂರ್ತಿ ದಿನದ್ದು. ಇದ್ದ ಎರಡು ದಿನದಲ್ಲಿ ಒಂದು ಹೋಯಿತು. ಮಿಕ್ಕ ಒಂದು ದಿನದಲ್ಲಿ ಪಟ್ಟಿಯ ಏಳನ್ನು ತುರುಕಿದರೆ ನೆಂಟರು ನೋಡುವುದು ಕಾರಿನ ಕಿಟಕಿಯಾಚೆಯ ಫ್ಲೈಓವರುಗಳನ್ನು ಮಾತ್ರ. ರಾತ್ರಿ ಊಟಕ್ಕೆ ಕೂತಾಗ ಯಾರಿಗೂ ಮಾತಾಡುವ ತ್ರಾಣ ಉಳಿದಿರುವುದಿಲ್ಲ.

ತಮಾಷೆ ಏನೆಂದರೆ, ಯುರೋಪಿಗೆ ಹೋಗುವಾಗ ನಾವು ಹೀಗೆ ಮಾಡುವುದಿಲ್ಲ. ಪ್ಯಾರಿಸ್‌ನಲ್ಲಿ ಎರಡು ದಿನ ಇದ್ದರೆ ಮೂರು ತಿಂಗಳ ಮೊದಲೇ ಲ್ಯಾಪ್‌ಟಾಪ್ ಮುಂದೆ ಕೂತು ಲೆಕ್ಕ ಹಾಕುತ್ತೇವೆ. ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ ಎಂಬುದು ನಮ್ಮ ಆಫೀಸಿನಲ್ಲಿ ಪಾಸ್‌ಪೋರ್ಟ್ ಇಲ್ಲದವರಿಗೂ ಗೊತ್ತು. ಆದರೆ ಸಾಲಾರ್‌ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ, ಚೌಮಹಲ್ಲಾ ಅರಮನೆಗೂ ಶುಕ್ರವಾರವೇ ರಜೆ ಎಂಬುದು ಹತ್ತು ವರ್ಷ ಇಲ್ಲೇ ಇದ್ದವರಿಗೂ ಗೇಟಿನ ಮುಂದೆ ನಿಂತಾಗಲೇ ತಿಳಿಯುತ್ತದೆ. ಪರದೇಶದ ಊರಿಗೆ ಕೊಡುವ ಗೌರವದಲ್ಲಿ ಕಾಲು ಭಾಗ ನಮ್ಮ ಅಪ್ಪ–ಅಮ್ಮ ಬರುವ ಊರಿಗೆ ಕೊಟ್ಟರೂ ಸಾಕು.

ಹಾಗಾದರೆ ಎರಡು ದಿನದಲ್ಲಿ ಏನು ತೋರಿಸಬೇಕು? ಒಂದು ದಿನಕ್ಕೆ ಒಂದೇ ದಿಕ್ಕು ಎಂಬುದು ನನ್ನ ಸೂತ್ರ. ಮೊದಲ ದಿನ ಮೂಸಿ ನದಿಯ ದಡ.

ರಾಯದುರ್ಗ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಎಲ್.ಬಿ.ನಗರದ ಕಡೆಯ ರೈಲಿಗೆ ಬದಲಾಯಿಸಿ, ಎಂಜಿಬಿಎಸ್‌ನಲ್ಲಿ ಇಳಿಯಿರಿ. ಕಾರು ಬೇಡ. ಮೆಟ್ರೊ ಎತ್ತರದಲ್ಲಿ ಹೋಗುವುದರಿಂದ ಅರ್ಧ ಊರು ಕೂತಲ್ಲೇ ಕಾಣುತ್ತದೆ. ಇಳಿದ ಮೇಲೆ ಆಟೊದಲ್ಲಿ ಸ್ವಲ್ಪವೇ ದೂರಕ್ಕೆ ಅಫ್ಜಲ್‌ಗಂಜ್. ನದಿಯ ಒಂದು ದಡದಲ್ಲಿ ಉಸ್ಮಾನಿಯಾ ಆಸ್ಪತ್ರೆ, ಇನ್ನೊಂದು ದಡದಲ್ಲಿ ಹೈಕೋರ್ಟು. ಎರಡರ ನಡುವೆ ಹರಿಯುವುದು ಕೊಳಚೆ ನೀರಿನ ಸಣ್ಣ ನದಿ. ‘ಇದೇನು ನೋಡೋದು?’ ಎಂದು ನೆಂಟರು ಕೇಳುತ್ತಾರೆ. ಆಗ ಹೇಳಬೇಕಾದ ಕಥೆ ನಮ್ಮಲ್ಲಿದೆ.

1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ಸುಮಾರು 15,000 ಜನ ಸತ್ತರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆಮರ ಇದೆ. ಆ ದಿನ ಅದರ ಕೊಂಬೆ ಹಿಡಿದುಕೊಂಡು ನೂರಕ್ಕೂ ಹೆಚ್ಚು ಜನ ಬದುಕಿದರು ಎಂದು ಇಲ್ಲಿಯವರು ಈಗಲೂ ಹೇಳುತ್ತಾರೆ. ಪ್ರವಾಹದ ನಂತರ ನಿಜಾಮ ಸರ್ಕಾರ ಯಾರನ್ನು ಕರೆಸಿತು? ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಆಗಷ್ಟೇ ಮುಂಬೈ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರು 1909ರಲ್ಲಿ ಇಲ್ಲಿಗೆ ಬಂದರು. ನಗರದ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳ ಯೋಜನೆ ಕೊಟ್ಟರು. ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ. ಮೊದಲನೆಯದು 1920ರಲ್ಲಿ, ಎರಡನೆಯದು 1927ರಲ್ಲಿ ಮುಗಿದವು. ಗಂಡಿಪೇಟೆಯ ಕೆರೆ ಎಂದು ನಾವು ಭಾನುವಾರ ಗಾಳಿ ಕುಡಿಯಲು ಹೋಗುವ ಜಾಗ ಈ ಉಸ್ಮಾನ್ ಸಾಗರವೇ.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಅದೇ 1909ರ ನವೆಂಬರಿನಲ್ಲಿ ಅವರು ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಹೋದರು. ಅಂದರೆ ಆ ಸಲ ಹೈದರಾಬಾದಿನಲ್ಲಿ ಇದ್ದದ್ದು ಕೆಲವೇ ತಿಂಗಳು. ಅಷ್ಟರಲ್ಲಿ ಒಂದು ನದಿಯನ್ನು ಮಾತ್ರ ಸರಿಯಾಗಿ ನೋಡಿದರು, ಅದರ ಮೂಲದವರೆಗೂ ನೋಡಿದರು. ಕಡಿಮೆ ಸಮಯ ಇದ್ದವರು ಏನು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಲ್ಲಿಂದ ಸಾಲಾರ್‌ಜಂಗ್ ಮ್ಯೂಸಿಯಂ ಹತ್ತಿರ. ಮೂವತ್ತೈದಕ್ಕೂ ಹೆಚ್ಚು ಗ್ಯಾಲರಿಗಳಿವೆ. ಎಲ್ಲವನ್ನೂ ನೋಡಲು ಹೋದರೆ ಯಾವುದನ್ನೂ ನೋಡಿದಂತಾಗುವುದಿಲ್ಲ. ಮೂರು ಸಾಕು. ಗಂಟೆ ಹೊಡೆಯುವ ಮೊದಲು ದೊಡ್ಡ ಗಡಿಯಾರದ ಮುಂದೆ ಜಾಗ ಹಿಡಿಯಿರಿ; ಒಳಗಿನಿಂದ ಪುಟ್ಟ ಗೊಂಬೆ ಬಂದು ಜಾಗಟೆ ಬಾರಿಸುವುದನ್ನು ನೋಡಲು ಎಂಬತ್ತರ ಅಜ್ಜಿಯೂ ಎಂಟರ ಮೊಮ್ಮಗನೂ ಒಂದೇ ಥರ ಕತ್ತು ಚಾಚುತ್ತಾರೆ. ಆಮೇಲೆ ಇಟಲಿಯ ಬೆಂಜೋನಿ ಕೆತ್ತಿದ ಮುಸುಕಿನ ರೆಬೆಕ್ಕಾ. ಅಮೃತಶಿಲೆಯಲ್ಲೇ ತೆಳು ಮುಸುಕು ಕಾಣುವ ಈ ಮೂರ್ತಿ ನೋಡಲು ಯುರೋಪಿಗೆ ಹೋಗಬೇಕಿಲ್ಲ, ವೀಸಾ ಬೇಕಿಲ್ಲ. ಮೂರನೆಯದು ಬಿದರಿ ಗ್ಯಾಲರಿ.

ಬಿದರಿಯ ಮುಂದೆ ನಮ್ಮ ಮಾವನವರು ನಿಂತದ್ದು ನನಗೆ ನೆನಪಿದೆ. ಅವರದು ಕಲಬುರಗಿಯ ಕಡೆ. ಕಪ್ಪು ಹುಕ್ಕಾ ಬುಡದ ಮೇಲಿನ ಬೆಳ್ಳಿ ಕೆಲಸವನ್ನು ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ನೋಡಿ, ‘ಇದು ನಮ್ಮ ಬೀದರದ್ದಲ್ಲೇನ್ರೀ? ಇಲ್ಲಿ ಬಂದು ಕುಂತದ’ ಎಂದರು. ಆಮೇಲೆ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ಅವರ ತಂದೆ ಉರ್ದುವಿನಲ್ಲಿ ಓದಿದ್ದು, ಕೋರ್ಟಿನ ಕೆಲಸಕ್ಕೆ ಹೈದರಾಬಾದಿಗೆ ಬರುತ್ತಿದ್ದದ್ದು, 1948ರ ಸೆಪ್ಟೆಂಬರಿನ ದಿನಗಳಲ್ಲಿ ಮನೆಮಂದಿ ಬಾಗಿಲು ಹಾಕಿಕೊಂಡು ಕೂತದ್ದು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ನನ್ನ ಹೆಂಡತಿಯೂ ಅದನ್ನೆಲ್ಲ ಕೇಳಿದ್ದು ಅವತ್ತೇ. ಮುಂದಿನ ಜಾಗಕ್ಕೆ ಹೊತ್ತಾಯಿತೆಂದು ಎಬ್ಬಿಸಿದ್ದರೆ ಆ ಮಾತು ಬರುತ್ತಿರಲಿಲ್ಲ.

ಬೀದರ, ಕಲಬುರಗಿ, ರಾಯಚೂರು ಸೀಮೆಯವರಿಗೆ ಹೈದರಾಬಾದ್ ಪರಊರಲ್ಲ. 1956ರ ನವೆಂಬರ್ 1ರವರೆಗೂ ಅವರ ರಾಜಧಾನಿ ಇದೇ. ಇನ್ನೂ ಹಿಂದಕ್ಕೆ ಹೋದರೆ ಲೆಕ್ಕ ತಿರುಗುಮುರುಗಾಗುತ್ತದೆ. 1347ರಲ್ಲಿ ಕಲಬುರಗಿಯಲ್ಲಿ ಶುರುವಾದ ಬಹಮನಿ ರಾಜ್ಯದ ಒಂದು ಕೋಟೆ ಗೋಲ್ಕೊಂಡ. ಅಲ್ಲಿನ ಅಧಿಕಾರಿಯಾಗಿದ್ದ ಸುಲ್ತಾನ್ ಕುಲಿ, ಬೀದರದ ಹಿಡಿತ ಸಡಿಲವಾದ ಮೇಲೆ ಕುತುಬ್‌ಶಾಹಿ ವಂಶ ಕಟ್ಟಿದ. ಆ ವಂಶದವರೇ 1591ರಲ್ಲಿ ಚಾರ್‌ಮಿನಾರ್ ಕಟ್ಟಿಸಿದ್ದು. ಇಷ್ಟು ಹೇಳಿ ಎರಡನೆಯ ದಿನ ಗೋಲ್ಕೊಂಡಕ್ಕೆ ಕರೆದೊಯ್ದರೆ ನೆಂಟರ ಕಣ್ಣಿಗೆ ಕೋಟೆ ಬೇರೆಯಾಗಿಯೇ ಕಾಣುತ್ತದೆ.

ಗೋಲ್ಕೊಂಡಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಮೇಲಿನ ತನಕ ಮುನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು. ಮೊಣಕಾಲು ನೋವಿನವರನ್ನು ಹುರಿದುಂಬಿಸಿ ಹತ್ತಿಸಬೇಡಿ. ಕೆಳಗಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳುತ್ತದೆ. ಅಮ್ಮ ಕೆಳಗೆ ತಟ್ಟಲಿ, ಮಕ್ಕಳು ಮೇಲೆ ಕೇಳಲಿ. ಅಲ್ಲೇ ಹತ್ತಿರ ಕುತುಬ್‌ಶಾಹಿ ಗೋರಿಗಳ ತೋಟ. ಕಲಬುರಗಿಯ ಹಫ್ತ್ ಗುಂಬಜ್ ನೋಡಿದವರಿಗೆ ಈ ಗುಮ್ಮಟಗಳು ಗುರುತಿನವರಂತೆ ಕಾಣುತ್ತವೆ. ಮಧ್ಯಾಹ್ನದೊಳಗೆ ಮನೆಗೆ ಬಂದರೆ ಸಾಕು.

‘ಅಷ್ಟು ದೂರದಿಂದ ಬಂದಿರುತ್ತಾರೆ, ಮತ್ತೆ ಬರುತ್ತಾರೋ ಇಲ್ಲವೋ, ಎಲ್ಲ ತೋರಿಸಿಬಿಡೋಣ’ ಎಂದು ಗೆಳೆಯರು ವಾದಿಸುತ್ತಾರೆ. ಈ ಮಾತಿನಲ್ಲಿ ಪ್ರೀತಿ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಮತ್ತೆ ಬರುತ್ತಾರೋ ಇಲ್ಲವೋ ಎಂಬ ಅನುಮಾನ ನಿಜವಾಗಿದ್ದರೆ, ಆ ಎರಡು ದಿನದ ಬೆಲೆ ಇನ್ನೂ ಹೆಚ್ಚು. ಅದನ್ನು ಪಾರ್ಕಿಂಗ್ ಹುಡುಕುವುದರಲ್ಲಿ, ಟಿಕೆಟ್ ಸಾಲಿನಲ್ಲಿ ಕಳೆಯುವುದೇ? ಎಪ್ಪತ್ತು ದಾಟಿದ ಅಪ್ಪ ಹೈದರಾಬಾದಿಗೆ ಬರುವುದು ಚಾರ್‌ಮಿನಾರಿನ ಮೇಲಿನ ಆಸೆಗಲ್ಲ. ಮಗ ಅಥವಾ ಮಗಳು ಹೇಗಿದ್ದಾರೆ ಎಂದು ನೋಡಲು. ಮನೆಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ತರಕಾರಿ ಎಲ್ಲಿ ತರುತ್ತಾರೆ, ರಾತ್ರಿ ಜ್ವರ ಬಂದರೆ ಯಾರನ್ನು ಕರೆಯುತ್ತಾರೆ, ಪಕ್ಕದ ಮನೆಯವರು ಮಾತಾಡುತ್ತಾರೋ ಇಲ್ಲವೋ. ಊರಿಗೆ ಹೋದ ಮೇಲೆ ಅವರ ನಿದ್ದೆ ನಿಂತಿರುವುದು ಈ ಉತ್ತರಗಳ ಮೇಲೆ.

ಆದ್ದರಿಂದ ಎರಡು ಸಂಜೆಗಳನ್ನು ಮನೆಯ ಸುತ್ತಮುತ್ತಲಿಗೇ ಇಟ್ಟುಬಿಡಿ. ನಾವು ದಿನಾ ಹೋಗುವ ಬೀದಿಗೆ ಅವರನ್ನೂ ಕರೆದುಕೊಂಡು ಹೋಗಿ. ಸಂಜೆಯಾದರೆ ಹೈದರಾಬಾದಿನ ಎಷ್ಟೋ ರಸ್ತೆಗಳ ಬದಿಯಲ್ಲಿ ಹೆಂಗಸರು ಜೋಳದ ರೊಟ್ಟಿ ತಟ್ಟುತ್ತಾರೆ. ಇಲ್ಲಿ ಅದಕ್ಕೆ ಜೊನ್ನ ರೊಟ್ಟೆ ಎನ್ನುತ್ತಾರೆ. ಆ ಒಲೆಯ ಮುಂದೆ ನಮ್ಮ ಅಮ್ಮನೂ ರೊಟ್ಟಿಯಾಕೆಯೂ ಕನ್ನಡ–ತೆಲುಗು ಬೆರೆಸಿ ಹಿಟ್ಟಿನ ಹದದ ಬಗ್ಗೆ ಹತ್ತು ನಿಮಿಷ ಚರ್ಚೆ ನಡೆಸಿದರು. ಊರಿಗೆ ಹೋಗಿ ನೆರೆಹೊರೆಗೆ ಹೇಳಿದ್ದು ಅದನ್ನೇ, ಕೇಬಲ್ ಸೇತುವೆಯ ಲೈಟನ್ನಲ್ಲ. ಸಿಟಿ ಬಸ್ಸಿನಲ್ಲೂ ಒಮ್ಮೆ ಕೂರಿಸಿ. ಉಚಿತ ಪ್ರಯಾಣ ಇಲ್ಲೂ ಇದೆ, ಆದರೆ ತೆಲಂಗಾಣದ ಮಹಿಳೆಯರಿಗೆ. ಅಮ್ಮ ಆಧಾರ್ ಕಾರ್ಡ್ ಮುಂದೆ ಹಿಡಿದಾಗ ಕಂಡಕ್ಟರ್ ನಕ್ಕು ‘ಕರ್ನಾಟಕಾನಾ ಅಮ್ಮಾ? ಟಿಕೆಟ್ ತೀಸ್ಕೋಂಡಿ’ ಎಂದ. ಅಮ್ಮನೂ ನಗುತ್ತಲೇ ದುಡ್ಡು ಕೊಟ್ಟರು.

ಸಮಯವಿದ್ದರೆ ರೈಲಿಗೆ ಒಂದೆರಡು ಗಂಟೆ ಮೊದಲೇ ಕಾಚಿಗುಡಕ್ಕೆ ಹೋಗಿ. 1916ರ ಆ ಸ್ಟೇಷನ್ ಕಟ್ಟಡವೇ ನೋಡುವಂಥದ್ದು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವುದೂ ಕಾಚಿಗುಡದಲ್ಲೇ. ಹೊರನಾಡಿನಲ್ಲಿ ಕನ್ನಡದ ಬೋರ್ಡು ಓದಿದ ಮೇಲೆ ಹಿರಿಯರ ಮುಖ ಹೇಗಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಇನ್ನೊಂದು ಥರದ ಅತಿಥಿಗಳೂ ಇದ್ದಾರೆ. ಕಲ್ಯಾಣ ಕರ್ನಾಟಕದಿಂದ ಇಲ್ಲಿನ ಆಸ್ಪತ್ರೆಗಳಿಗೆಂದು ಬರುವವರು. ಬೆಳಿಗ್ಗೆ ರಕ್ತ ಕೊಟ್ಟರೆ ರಿಪೋರ್ಟ್ ಸಂಜೆಗೆ. ನಡುವಿನ ನಾಲ್ಕೈದು ಗಂಟೆ ಆಸ್ಪತ್ರೆಯ ಕುರ್ಚಿಯಲ್ಲೇ ಕೂತು ಭಯಪಡುತ್ತಾರೆ. ಡಾಕ್ಟರು ಬೇಡವೆನ್ನದಿದ್ದರೆ ಅವರನ್ನು ಎಲ್ಲಾದರೂ ಒಂದು ಕಡೆ, ಒಂದೇ ಕಡೆ, ಕರೆದೊಯ್ಯಿರಿ. ಇರಾನಿ ಚಹಾ, ಎರಡು ಉಸ್ಮಾನಿಯಾ ಬಿಸ್ಕತ್ತು, ನೆರಳಿರುವ ಒಂದು ಬೆಂಚು. ನಮಗೆ ಅರ್ಧ ದಿನದ ರಜೆ ಖರ್ಚಾಗುತ್ತದೆ, ಅಷ್ಟೇ. ಆ ಅರ್ಧ ದಿನವನ್ನು ಅವರು ವರ್ಷಗಟ್ಟಲೆ ನೆನೆಯುತ್ತಾರೆ.

ಪುಣೆ, ಚೆನ್ನೈ, ದುಬೈನಲ್ಲಿರುವ ಓದುಗರಿಗೂ ಇದೇ ಮಾತು. ಜಾಗದ ಹೆಸರು ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ. ನೆಂಟರು ಬರುವ ಮೊದಲು ರಜೆಯ ವಾರ ಯಾವುದು ನೋಡಿ, ಮೆಟ್ಟಿಲು ಎಷ್ಟಿವೆ ವಿಚಾರಿಸಿ, ಆ ಊರಿಗೂ ನಮ್ಮ ಊರಿಗೂ ಇರುವ ಒಂದು ನಂಟನ್ನು ಹುಡುಕಿಡಿ. ದಿನಕ್ಕೆ ಒಂದು ದಿಕ್ಕು ಆರಿಸಿ. ಪಟ್ಟಿಯಲ್ಲಿ ಉಳಿದದ್ದಕ್ಕೆ ಬೇಜಾರು ಬೇಡ. ರಾಮೋಜಿ ಫಿಲ್ಮ್ ಸಿಟಿ ಎಲ್ಲಿಗೂ ಓಡಿಹೋಗುವುದಿಲ್ಲ. ‘ಅದೊಂದು ಉಳಿದುಹೋಯಿತು, ಮುಂದಿನ ಸಲ ನೋಡೋಣ’ ಎಂದು ಅಪ್ಪ–ಅಮ್ಮ ಅಂದುಕೊಂಡು ಹೋಗುವುದೂ ಒಳ್ಳೆಯದೇ.