ಸುಕ್ಕಿಗೆ ಹಚ್ಚಿದ ಕ್ರೀಮ್ ಕಿಡ್ನಿಗೆ ಇಳಿದರೆ?

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರು, ತುಮರಿ ಕಡೆಯ ಓಡಾಟವೇ ಬದಲಾಗಿದೆ. ಲಿಂಗನಮಕ್ಕಿಯ ಹಿನ್ನೀರು ಬಂದ ಮೇಲೆ ಆ ಭಾಗದ ಜನ ಅರುವತ್ತು ವರ್ಷ ಲಾಂಚ್ ನಂಬಿಕೊಂಡು ಬದುಕಿದವರು. ಸಂಜೆ ಲಾಂಚ್ ನಿಂತರೆ ರೋಗಿಯನ್ನು ಸಾಗರದ ಆಸ್ಪತ್ರೆಗೆ ಒಯ್ಯುವುದು ಹೇಗೆ ಎಂಬ ಚಿಂತೆ ಅವರಿಗೆ ಮಾತ್ರ ಗೊತ್ತು. ಈಗ ಆಂಬ್ಯುಲೆನ್ಸ್ ಹೋಗುತ್ತದೆ, ಬಸ್ಸು ಹೋಗುತ್ತದೆ. ಅದರ ಹಿಂದೆಯೇ ಕೊರಿಯರ್ ಹುಡುಗನ ಬೈಕೂ ಹೋಗುತ್ತದೆ. ಮೊಬೈಲಿನಲ್ಲಿ ಜಾಹೀರಾತು ನೋಡಿ, ಬೆರಳಲ್ಲಿ ಒತ್ತಿದರೆ ಸಾಕು, ಮುಖದ ಕ್ರೀಮ್ ಮನೆ ಬಾಗಿಲಿಗೆ ಬರುತ್ತದೆ. ಸುಕ್ಕು ಹೋಗುತ್ತದೆ, ಬಂಗು ಹೋಗುತ್ತದೆ, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ, ಹದಿನೈದೇ ದಿನದಲ್ಲಿ ಬೆಳ್ಳಗಾಗುತ್ತೀರಿ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಒಂದೇ ಡಬ್ಬಿಯಲ್ಲಿ ಇಷ್ಟೆಲ್ಲ ಹೇಗೆ ಆಗುತ್ತದೆ ಎಂದು ಕೇಳುವವರು ಕಡಿಮೆ.

ನನ್ನ ಹತ್ತಿರ ಇಂಥ ಡಬ್ಬಿಗಳು ಬರುವುದು ಬೇರೆ ಕಾರಣಕ್ಕೆ. ಗಲ್ಫಿನಿಂದ ಬಂದವರ ಬ್ಯಾಗಿನಲ್ಲಿ ಖರ್ಜೂರ, ಅತ್ತರಿನ ಜೊತೆಗೆ ಮುಖದ ಕ್ರೀಮ್ ಕೂಡ ಇರುತ್ತದೆ. ಮಕ್ಕಳ ಕೈಯಲ್ಲಿ ಉಮ್ಮಂದಿರು ಮದ್ರಸಕ್ಕೆ ಕಳಿಸುತ್ತಾರೆ, “ಉಸ್ತಾದರೇ, ಇದರಲ್ಲಿ ಎಂತ ಬರೆದಿದ್ದಾರೆ ಓದಿ ಹೇಳಿ” ಅಂತ. ಅರಬಿ ಅಕ್ಷರ ಇದ್ದರೆ ಒಳ್ಳೆಯ ಮಾಲೇ ಇರಬೇಕು ಎಂದು ನಂಬುವವರು ನಮ್ಮಲ್ಲಿ ತುಂಬ ಜನ. ನಾನು ಓದಿದ ಡಬ್ಬಿಗಳಲ್ಲಿ ಕೆಲವು ಅರಬಿಯೇ ಅಲ್ಲ, ಉರ್ದು. ಇನ್ನು ಕೆಲವುದರಲ್ಲಿ ಹೊಗಳಿಕೆ ಬಿಟ್ಟರೆ ಬೇರೆ ಏನೂ ಇಲ್ಲ. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು, ಒಳಗೆ ಏನು ಹಾಕಿದ್ದಾರೆ ಎಂದು ಒಂದು ಸಾಲೂ ಇರುವುದಿಲ್ಲ. ಒಂದು ಡಬ್ಬಿಯಲ್ಲಿ ಮಾತ್ರ ಕೆಳಗೆ ಸಣ್ಣ ಅಕ್ಷರದಲ್ಲಿ, ಚಿನ್ನ ಬೆಳ್ಳಿಯ ಆಭರಣಕ್ಕೆ ತಾಗಿಸಬಾರದು ಎಂದು ಬರೆದಿತ್ತು. ಮನೆಯವರು ಅದನ್ನು ಒಳ್ಳೆಯ ಕ್ರೀಮಿನ ಲಕ್ಷಣ ಎಂದುಕೊಂಡಿದ್ದರು, ಅಷ್ಟು ಪವರ್ ಉಂಟು ಅಂತ!

ಆ ಸಾಲಿನ ಅರ್ಥ ಬೇರೆ. ಪಾದರಸ ಚಿನ್ನಕ್ಕೆ ತಾಗಿದರೆ ಚಿನ್ನ ಬೆಳ್ಳಗಾಗಿ ಕೆಡುತ್ತದೆ, ಅಕ್ಕಸಾಲಿಗರನ್ನು ಕೇಳಿದರೆ ಹೇಳುತ್ತಾರೆ. ಕ್ರೀಮಿನಲ್ಲಿ ಪಾದರಸ ಇರಬಹುದು ಎಂಬುದಕ್ಕೆ ಇಂಥ ಎಚ್ಚರಿಕೆಯ ಸಾಲೇ ಒಂದು ಗುರುತು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಬಳೆಗೆ ತಾಗಬಾರದ್ದು ಕೆನ್ನೆಗೆ ತಾಗಬಹುದೇ?

ಪಾದರಸ ಯಾಕೆ ಹಾಕುತ್ತಾರೆ? ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ಅಂಶ ತಯಾರಾಗದಂತೆ ಅದು ತಡೆಯುತ್ತದೆ. ಅಗ್ಗ, ಬೇಗ ಕೆಲಸ ತೋರಿಸುತ್ತದೆ. ಹಚ್ಚಿದವರಿಗೆ ಎರಡು ವಾರದಲ್ಲಿ ಮುಖ ಬೆಳಗಿದ ಹಾಗೆ ಕಾಣುತ್ತದೆ, ಅವರು ನಾಲ್ಕು ಜನಕ್ಕೆ ಹೇಳುತ್ತಾರೆ. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಇಳಿದು ಕಿಡ್ನಿಗೆ ಹೋಗುತ್ತದೆ. ಹಚ್ಚಿದವಳ ಕೈಯಿಂದ, ಟವೆಲಿನಿಂದ, ದಿಂಬಿನಿಂದ ಮನೆಯ ಮಕ್ಕಳಿಗೂ ಮುಟ್ಟುತ್ತದೆ.

ಇದು ಹೆದರಿಸಲು ಹೇಳುವ ಮಾತಲ್ಲ. ನಮ್ಮವರಿಗೆ ಮದುವೆ ಸಂಬಂಧ, ವ್ಯಾಪಾರ ಎಲ್ಲ ಇರುವ ಕೇರಳದ ಮಲಪ್ಪುರಂ ಜಿಲ್ಲೆಯಲ್ಲೇ ನಡೆದದ್ದು. ಕೋಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಈ ಕಾಯಿಲೆಯಲ್ಲಿ ಕಿಡ್ನಿಯ ಜರಡಿ ಕೆಟ್ಟು ದೇಹದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತದೆ. 22ರಲ್ಲಿ 15 ಜನರಿಗೆ ಇದ್ದದ್ದು ಅಪರೂಪದ ಒಂದು ಬಗೆ. ಯಾಕೆ ಒಂದೇ ಕಡೆ ಇಷ್ಟು ಎಂದು ವೈದ್ಯರು ಕೆದಕಿ ಕೇಳಿದಾಗ, ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು ಎಂದು ತಿಳಿಯಿತು. ಕ್ರೀಮ್ ಪರೀಕ್ಷಿಸಿದರೆ ಪಾದರಸ. ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿದರು, ಅಲ್‌ಹಮ್ದುಲಿಲ್ಲಾಹ್. ಕೇಳುವ ವೈದ್ಯರು ಸಿಗದಿದ್ದರೆ ಅವರ ಗತಿ ಏನಾಗುತ್ತಿತ್ತು? ಅದೇ 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಶುರು ಮಾಡಿತು.

ಕಾನೂನು ಇಲ್ಲ ಅಂತ ಅಲ್ಲ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮದಂತೆ ಮುಖದ ಕ್ರೀಮಿಗೆ ಪಾದರಸ ಬೆರೆಸುವ ಹಾಗಿಲ್ಲ. ಗೊತ್ತಿಲ್ಲದೆ ಸೇರಿದರೂ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ದಾಟಬಾರದು. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನ ವರೆಗೆ ಬಳಸಬಹುದು, ಒಳಗೆ ಏನೇನಿದೆ, ಎಲ್ಲ ಇರಬೇಕು. ಹೊರದೇಶದ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ ಮತ್ತು ನೋಂದಣಿ ನಂಬರ್ ಬೇಕೇ ಬೇಕು. ಬ್ಯಾಗಿನಲ್ಲಿ ಬಂದ ಡಬ್ಬಿಗೆ ಇದ್ಯಾವುದೂ ಇರುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಿಕ್, ಮರ್ಕ್ಯುರಸ್, ಕ್ಯಾಲೊಮೆಲ್ ಎಂಬ ಶಬ್ದ ಕಂಡರೆ ಅಲ್ಲಿಗೇ ಬಿಡಿ. ಕಾಣದಿದ್ದರೆ ಇಲ್ಲ ಎಂದೂ ಅಲ್ಲ, ಹಾಕಿದವನು ಬರೆಯಬೇಕಲ್ಲ.

ಇನ್ನೊಂದು ಬಗೆಯ ಕ್ರೀಮ್ ನಮ್ಮ ಮೆಡಿಕಲ್ ಅಂಗಡಿಗಳಲ್ಲೇ ಸಿಗುತ್ತದೆ. ಸ್ಟಿರಾಯ್ಡ್ ಇರುವ ಟ್ಯೂಬ್. ಚರ್ಮದ ಕಾಯಿಲೆಗೆ ವೈದ್ಯರು ಬರೆದು ಕೊಟ್ಟಾಗ ಅದು ಔಷಧ. ಪಕ್ಕದ ಮನೆಯವಳು ಹೇಳಿದಳೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಮೊದಲು ಹೊಳಪು, ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುವುದು, ಮೊಡವೆ, ಕೂದಲು, ಬಿಸಿಲಿಗೆ ಹೋದರೆ ಉರಿ. ಚರ್ಮ ತೆಳುವಾದರೆ ಸುಕ್ಕು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟಿರಾಯ್ಡ್‌ಗಳ ಮುಲಾಮನ್ನು ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು. ಚೀಟಿ ಕೇಳುವ ಅಂಗಡಿಯವರು ಎಷ್ಟು ಜನ ಎಂದು ನಿಮಗೇ ಗೊತ್ತು.

ಹಾಗಾದರೆ ಸುಕ್ಕು ಬರುವುದು ಯಾಕೆ? ಚರ್ಮದ ಒಳಗೆ ಕೊಲಾಜನ್ ಎಂಬ ನಾರು ಉಂಟು, ಮನೆಯ ಪಕಾಸಿನ ಹಾಗೆ. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಅದರ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ ಎನ್ನುತ್ತಾರೆ. ಅದು ಯಾರ ತಪ್ಪೂ ಅಲ್ಲ. ಆದರೆ ಮುಖದ ಮೇಲೆ ಕಾಣುವ ಸುಕ್ಕಿನಲ್ಲಿ ದೊಡ್ಡ ಪಾಲು ವಯಸ್ಸಿನದ್ದಲ್ಲ, ಬಿಸಿಲಿನದ್ದು. ಅಮೆರಿಕದ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆ 2012ರಲ್ಲಿ 69 ವರ್ಷದ ಒಬ್ಬ ಲಾರಿ ಚಾಲಕರ ಫೋಟೊ ಹಾಕಿತ್ತು. 28 ವರ್ಷ ಗಾಡಿ ಓಡಿಸಿದವರು. ಅಲ್ಲಿ ಚಾಲಕ ಕೂರುವುದು ಎಡಬದಿಗೆ. ಅವರ ಮುಖದ ಎಡಭಾಗ ಆಳವಾಗಿ ಸುಕ್ಕುಗಟ್ಟಿ ಜೋತಿತ್ತು, ಬಲಭಾಗ ಹತ್ತಿಪ್ಪತ್ತು ವರ್ಷ ಚಿಕ್ಕವರದ್ದರ ಹಾಗಿತ್ತು. ಒಂದೇ ಮನುಷ್ಯ, ಒಂದೇ ವಯಸ್ಸು. ಗಾಜು ತಡೆಯದ ಯುವಿ-ಎ ಕಿರಣದ ಕೆಲಸ ಅದು. ಸಾಗರ, ಹೊಸನಗರ ರಸ್ತೆಯಲ್ಲಿ ಪಿಕಪ್, ಬಸ್ಸು ಓಡಿಸುವ ನಮ್ಮ ಹುಡುಗರು ಕೂರುವುದು ಬಲಬದಿಗೆ. ಹತ್ತು ವರ್ಷ ಓಡಿಸಿದವರು ಕನ್ನಡಿಯಲ್ಲಿ ಎರಡೂ ಕೆನ್ನೆ ನೋಡಿಕೊಳ್ಳಲಿ.

ಆದ್ದರಿಂದ ದುಡ್ಡು ಖರ್ಚು ಮಾಡಲೇಬೇಕು ಎನ್ನುವವರು ಸನ್‌ಸ್ಕ್ರೀನ್‌ಗೆ ಮಾಡಿ. ಆಸ್ಟ್ರೇಲಿಯಾದಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮಾಗಿತ್ತು. ಎಸ್‌ಪಿಎಫ್ 30 ಸಾಕು. ಅದೂ ಬೇಡವಾದರೆ ಕೊಡೆ ಉಂಟು, ತೋಟಕ್ಕೆ ಹೋಗುವಾಗ ಹಾಳೆಟೋಪಿ ಉಂಟು. ತಲೆಗೆ ಶಾಲು ಹಾಕಿದ್ದೇನೆ, ನನಗೆ ಬಿಸಿಲು ತಾಗುವುದಿಲ್ಲ ಎನ್ನುವ ಸಹೋದರಿಯರು ನೆನಪಿಡಬೇಕು, ಮುಖ ಹೊರಗೇ ಇದೆ. ಸುಕ್ಕಿಗೆ ನಿಜವಾಗಿ ಕೆಲಸ ಮಾಡುವ ಔಷಧವೂ ಇದೆ, ಟ್ರೆಟಿನೊಯಿನ್ ಅಂತ, ಎ ವಿಟಮಿನ್ ಜಾತಿಯದ್ದು. ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಮೊದಲು ಸಿಪ್ಪೆ ಏಳುತ್ತದೆ, ಬಸುರಿಯರು ಹಚ್ಚಲೇಬಾರದು. ಚರ್ಮದ ಡಾಕ್ಟರನ್ನು ಕೇಳಿಯೇ ಹಚ್ಚಬೇಕು.

ಮನೆಮದ್ದಿನ ಬಗ್ಗೆ ನನಗೆ ಅಷ್ಟು ತಕರಾರಿಲ್ಲ, ಜೇಬಿಗೂ ಭಾರ ಇಲ್ಲ. ಲೋಳೆಸರದ ತಿರುಳು ತಂಪು ಕೊಡುತ್ತದೆ, ತೆಂಗಿನೆಣ್ಣೆ ಒಣಚರ್ಮಕ್ಕೆ ಒಳ್ಳೆಯದು, ಮೊಡವೆ ಇರುವವರಿಗೆ ಬೇಡ. ಮೊಟ್ಟೆಯ ಬಿಳಿ ಹಚ್ಚಿದರೆ ಚರ್ಮ ಬಿಗಿದ ಹಾಗಾಗುತ್ತದೆ, ತೊಳೆದ ಮೇಲೆ ಅದೇ ಸುಕ್ಕು. ಅದಕ್ಕಿಂತ ಮೊಟ್ಟೆಯನ್ನು ತಿನ್ನುವುದು ಲಾಭ. ಲಿಂಬೆರಸ ಮಾತ್ರ ಬೇಡ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಹಂಡೆಯ ಸುಡುನೀರು ಮುಖಕ್ಕೆ ಹೊಯ್ದುಕೊಳ್ಳುವ ಅಭ್ಯಾಸ ಇದೆಯಲ್ಲ, ಅದು ಚರ್ಮದ ಪಸೆಯನ್ನೆಲ್ಲ ತೆಗೆಯುತ್ತದೆ. ಉಗುರುಬೆಚ್ಚಗೆ ಸಾಕು. ಚಳಿಗಾಲದಲ್ಲಿ ಮುಖ ತೊಳೆದು, ಇನ್ನೂ ಪಸೆ ಇರುವಾಗಲೇ ಸ್ವಲ್ಪ ವ್ಯಾಸ್ಲಿನ್ ಸವರಿದರೆ ಆಯಿತು.

ಇಲ್ಲೊಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಎಣ್ಣೆ, ಕ್ರೀಮ್ ಹಚ್ಚಿದರೆ ವುಳೂ ಆಗುತ್ತದಾ? ಚರ್ಮದ ಮೇಲೆ ಪದರ ಕಟ್ಟಿ ನೀರನ್ನು ತಡೆದರೆ ಅದನ್ನು ತೆಗೆಯಬೇಕು. ಇಂಗಿ ಹೋಗಿ ಬರೀ ಜಿಡ್ಡು ಉಳಿದು, ಮೇಲೆ ನೀರು ಹರಿದರೆ ತೊಂದರೆ ಇಲ್ಲ. ಐದು ಹೊತ್ತು ಸೋಪು ಹಾಕಬೇಕೆಂದು ಯಾರೂ ಹೇಳಿಲ್ಲ, ವುಳೂಗೆ ಬೇಕಾದದ್ದು ನೀರು.

ಗಂಡಸರ ವಿಷಯಕ್ಕೆ ಬರೋಣ. ಬೀಡಿ, ಸಿಗರೇಟು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಬೇಗ ಮುದಿ ಮಾಡುತ್ತದೆ, ತುಟಿಯ ಸುತ್ತ ಮೊದಲು ಗೆರೆ. ಕವಳ, ಗುಟ್ಕಾದ ಕಥೆ ಇನ್ನೂ ಕೆಟ್ಟದ್ದು. ಅಡಿಕೆಯ ಊರಿನಲ್ಲಿ ಕೂತು ಹೇಳುವುದು ಕಷ್ಟ, ಆದರೆ ಸದಾ ಅಡಿಕೆ ಜಗಿದವರ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿಯೇ ತೆರೆಯದಂತಾಗುತ್ತದೆ, ಅದು ಕ್ಯಾನ್ಸರಿಗೂ ದಾರಿ. ಇಂಥವರೇ ಮನೆಗೆ ಬಂದು ಹೆಂಡತಿಯ ಮುಖ ನೋಡಿ “ಏನೇ, ಮುದುಕಿ ಆದ್ಯಲ್ಲ” ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಗಲ್ಫಿನಿಂದ ಬರುವವನಿಗೆ ಹೆಂಡತಿ ಫೋಟೊದಲ್ಲಿದ್ದ ಹಾಗೇ ಇರಬೇಕು. ಅವಳು ಒಬ್ಬಳೇ ಮಕ್ಕಳನ್ನು, ಅತ್ತೆಯನ್ನು, ಒಲೆಯ ಹೊಗೆಯನ್ನು ನೋಡಿಕೊಂಡವಳು. ಗೆರೆ ಬೀಳದೆ ಇನ್ನೇನು? ಅವನ ಗಡ್ಡ ಬೆಳ್ಳಗಾದರೆ ಅದು ಗೌರವ, ಅವಳ ಕಣ್ಣಂಚಿನಲ್ಲಿ ಗೆರೆ ಬಿದ್ದರೆ ಅದು ದೋಷ. ಡಬ್ಬಿಯನ್ನು ಅಂಗಡಿಯಿಂದ ತರುವುದು ಅವಳೇ ಇರಬಹುದು, ತರುವ ಹಾಗೆ ಮಾಡಿದ್ದು ಈ ಮಾತು.

ಮದುವೆ ಮಾತುಕತೆಯಲ್ಲಿ “ಹುಡುಗಿ ಬಿಳಿ ಉಂಟಾ” ಎಂಬುದು ಮೊದಲ ಪ್ರಶ್ನೆ. ಫೇರ್ ಆ್ಯಂಡ್ ಲವ್ಲಿಯವರೇ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಮಾಡಿದರು, ನಮ್ಮ ದಲ್ಲಾಳಿಗಳ ಬಾಯಿಯಿಂದ ಆ ಪ್ರಶ್ನೆ ಹೋಗಲಿಲ್ಲ. ಪಿಯುಸಿ ಓದುವ ಹುಡುಗಿಯರು ಈಗ ಸುಕ್ಕಿಗೆ ಕ್ರೀಮ್ ಹಚ್ಚುತ್ತಾರೆ, ಬಾರದ ಸುಕ್ಕಿಗೆ! 2019ರಲ್ಲಿ ಇದೇ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡಿತು. ಉಣುಗು ಕಚ್ಚದಂತೆ ಸರ್ಕಾರ ಪುಕ್ಕಟೆ ಕೊಡುವ ಡೆಪಾ ಎಣ್ಣೆಯನ್ನು ವಾಸನೆ, ಅಂಟು ಎಂದು ಹಚ್ಚದವರು ಇದ್ದಾರೆ. ವಿಳಾಸವಿಲ್ಲದ ಡಬ್ಬಿಯದ್ದನ್ನು ಮಾತ್ರ ಎರಡು ಹೊತ್ತು ಹಚ್ಚುತ್ತಾರೆ.

ಫ್ಯಾನ್ಸಿ ಅಂಗಡಿ, ಅತ್ತರಿನ ಅಂಗಡಿ ಇಟ್ಟವರಲ್ಲಿ ನಮ್ಮವರು ಬಹಳ ಜನ. ಅವರಿಗೆ ನೇರವಾಗಿ ಹೇಳುತ್ತೇನೆ. ಆಮದುದಾರರ ಹೆಸರಿಲ್ಲದ, ಬಿಲ್ ಇಲ್ಲದ ಕ್ರೀಮನ್ನು ಕಪಾಟಿನಿಂದ ಇಳಿಸಿ. ಗಿರಾಕಿ ಕೇಳುತ್ತಾರೆ ಎಂಬುದು ಉತ್ತರವಲ್ಲ. ವಿಷ ಎಂದು ಗೊತ್ತಿದ್ದೂ ಮಾರಿದ ದುಡ್ಡು ಹಲಾಲ್ ಆಗುವುದು ಹೇಗೆ? ಜಮಾಅತಿನವರು ಮದ್ಯ, ಜೂಜಿನ ಬಗ್ಗೆ ನೋಟಿಸ್ ಹಾಕುತ್ತಾರೆ, ಇದನ್ನೂ ಅದರಲ್ಲಿ ಒಂದು ಸಾಲು ಸೇರಿಸಲಿ. ಮದ್ರಸದ ತಾಯಂದಿರ ಸಭೆಗೆ ಒಬ್ಬ ಚರ್ಮದ ಡಾಕ್ಟರನ್ನು ಕರೆಸಿದರೆ ಒಂದು ಗಂಟೆಯ ಕೆಲಸ.

ಈಗಾಗಲೇ ಇಂಥ ಕ್ರೀಮ್ ಹಚ್ಚುತ್ತಿರುವವರು ಮುಖ, ಕಾಲು ಊದಿದೆಯೇ, ಮೂತ್ರದಲ್ಲಿ ನೊರೆ ನಿಲ್ಲುತ್ತದೆಯೇ ನೋಡಿ. ಏನೂ ಕಾಣದಿದ್ದರೂ ಒಮ್ಮೆ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ಮಾಡಿಸಿ, ದೊಡ್ಡ ಖರ್ಚಿನದ್ದಲ್ಲ, ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಕ್ರೀಮ್ ಹಚ್ಚುವುದನ್ನು ಡಾಕ್ಟರಿಗೆ ನಾಚದೆ ಹೇಳಿ. ಸ್ಟಿರಾಯ್ಡ್ ಟ್ಯೂಬ್ ಆಗಿದ್ದರೆ ಅವರನ್ನು ಕೇಳಿಯೇ ಬಿಡಿಸಿಕೊಳ್ಳಿ, ಒಮ್ಮೆಲೇ ಬಿಟ್ಟರೆ ಮುಖ ಕೆಂಪೇರಿ ಉರಿಯುತ್ತದೆ. ಪಾದರಸದ ಸಂಶಯ ಇರುವುದನ್ನು ಇವತ್ತೇ ನಿಲ್ಲಿಸಿ, ಟವೆಲು, ದಿಂಬಿನ ಕವರು ಬೇರೆ ಮಾಡಿ. ಡಬ್ಬಿಯನ್ನು ಒಲೆಗೆ ಹಾಕಬೇಡಿ, ಪಾದರಸ ಆವಿಯಾಗಿ ಮನೆಯವರೆಲ್ಲರ ಉಸಿರಿಗೆ ಹೋಗುತ್ತದೆ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆಸ್ಪತ್ರೆಗೆ ಹೋಗುವಾಗ ಜೊತೆಗೇ ಒಯ್ಯಿರಿ.