ನೆಟ್ ಇರಲಿ, ರಿಂಗ್ ಬೇಡ

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಯಾವ ಅಂಗಡಿಗೆ ಹೋದರೂ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಪುಟ್ಟ ಡಬ್ಬಿ ಕೂತಿರುತ್ತದೆ. ಸ್ಕ್ಯಾನ್ ಮಾಡಿ ದುಡ್ಡು ಹಾಕಿದರೆ ಇಷ್ಟು ರೂಪಾಯಿ ಬಂತು ಅಂತ ಕೂಗುವ ಡಬ್ಬಿ. ಅದರೊಳಗೂ ಒಂದು ಸಿಮ್ ಇರುತ್ತದೆ. ಬೆಳಗಿನಿಂದ ರಾತ್ರಿವರೆಗೆ ಇಂಟರ್ನೆಟ್ಟಿನಲ್ಲೇ ಇದ್ದರೂ ಅದಕ್ಕೆ ಯಾರೂ ಫೋನ್ ಮಾಡಿ ಪರ್ಸನಲ್ ಲೋನ್ ಬೇಕೇ ಎಂದು ಕೇಳುವುದಿಲ್ಲ. ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲೆಂದು ಕೊಡುವ ಸಿಮ್‌ಗಳಿಗೆ ನಮ್ಮ ದೇಶದಲ್ಲಿ 2018ರಿಂದ 13 ಅಂಕಿಯ ಬೇರೆಯದೇ ನಂಬರ್ ಸಾಲು ಇದೆ. ಹತ್ತಂಕಿಯ ನಂಬರಿನ ಮನುಷ್ಯರಿಗೆ ಆ ನೆಮ್ಮದಿ ಇಲ್ಲ.

ಹಾಗಾಗಿ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಈಚೆಗೆ ಹೊಸದೊಂದು ಪ್ರಶ್ನೆ ಕೇಳಿಬರುತ್ತಿದೆ. ಡೇಟಾ ಇರಬೇಕು, ಕಾಲ್ ಬರಬಾರದು, ಹೇಗೆ? ಮ್ಯಾಪ್ ನೋಡಿಕೊಂಡು ಬೇಲೂರಿಂದ ಹಳೇಬೀಡಿಗೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿಯವನು ಕೇಳುತ್ತಾನೆ. ಆನ್‌ಲೈನ್ ಕೋಚಿಂಗ್ ನೋಡುವ ಹುಡುಗಿ ಕೇಳುತ್ತಾಳೆ. ಕೊಬ್ಬರಿ ರೇಟು ಏನಾಯಿತೆಂದು ವಾಟ್ಸ್ಆ್ಯಪ್ ಗುಂಪಿನಲ್ಲೇ ಕಣ್ಣಿಟ್ಟ ವ್ಯಾಪಾರಿಯೂ ಕೇಳುತ್ತಾನೆ. ‘ಫ್ಲೈಟ್ ಮೋಡ್ ಹಾಕಿ ಸಾರ್’ ಎನ್ನುತ್ತಾನೆ ಅಂಗಡಿ ಹುಡುಗ. ಹಾಕಿದರೆ ಕಾಲ್ ಜತೆಗೆ ನೆಟ್ಟೂ ಹೋಗುತ್ತದೆ. ಮನೆಯಲ್ಲಿ ವೈಫೈ ಇದ್ದವರಿಗೆ ಆ ಉಪಾಯ ಸರಿ. ಬಾಣಾವರ, ಜಾವಗಲ್ ಕಡೆಯ ಹೊಲದ ಬದುವಿನಲ್ಲಿ ನಿಂತವರಿಗೆ ವೈಫೈ ಎಲ್ಲಿಂದ ಬರಬೇಕು?

ಜಾವಗಲ್ ಹತ್ತಿರದ ಒಂದು ಗೋಮಾಳದಲ್ಲಿ ಗ್ರಾಮ ಆಡಳಿತ ಅಧಿಕಾರಿಯೊಬ್ಬರು (ಜನರ ಬಾಯಲ್ಲಿ ಈಗಲೂ ವಿಲೇಜ್ ಅಕೌಂಟೆಂಟೇ) ಲ್ಯಾಂಡ್ ಬೀಟ್ ಆ್ಯಪಿಗೆ ಫೋಟೊ ಹಾಕುತ್ತಿದ್ದುದನ್ನು ನೋಡಿದ್ದೇನೆ. ಸರ್ಕಾರಿ ಜಮೀನು ಒತ್ತುವರಿಯಾಗಿದೆಯೇ ಇಲ್ಲವೇ ಎಂದು ಸ್ಥಳಕ್ಕೇ ಹೋಗಿ ನಿಂತು ದಾಖಲಿಸುವ ಆ್ಯಪ್ ಅದು. ಬಿಸಿಲು ನೆತ್ತಿಗೆ ಬಂದಿತ್ತು. ಪರದೆಯ ಮೇಲಿನ ಗೆರೆ ತೆವಳುತ್ತಾ ತೆವಳುತ್ತಾ ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮೇಲಿನವರದು.

‘ಅಪ್‌ಲೋಡ್ ಆಯ್ತೇನ್ರೀ?’

‘ಆಗ್ತಿತ್ತು ಸಾರ್. ನೀವು ಫೋನ್ ಮಾಡಿದ್ರಲ್ಲ, ನಿಂತೋಯ್ತು.’

ಅವರು ತಮಾಷೆಗೆ ಹೇಳಿದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಬಹುತೇಕರದು ಎರಡು ಸಿಮ್ಮಿನ ಸಂಸಾರ. ಊರಿಗೆಲ್ಲ ಗೊತ್ತಿರುವ ಹಳೆಯ ನಂಬರು ಒಂದರಲ್ಲಿ, ನೆಟ್ ಚೆನ್ನಾಗಿ ಸಿಗುವ ಕಂಪನಿಯದು ಇನ್ನೊಂದರಲ್ಲಿ. ಇಂಥ ಹೆಚ್ಚಿನ ಫೋನುಗಳಲ್ಲಿ ಎರಡೂ ಸಿಮ್ ಸುಮ್ಮನೆ ಕಾಯುತ್ತಿರುವಾಗ ಮಾತ್ರ ಜತೆಗಿರುತ್ತವೆ. ಒಂದಕ್ಕೆ ಕರೆ ಬಂದರೆ ಇನ್ನೊಂದರ ಡೇಟಾ ನಿಲ್ಲುತ್ತದೆ. ಎತ್ತದೆ ರಿಂಗಾಗಲು ಬಿಟ್ಟರೂ ಅಷ್ಟೇ. ಒಂದೇ ಸಿಮ್ ಇದ್ದವರದು ಬೇರೆ ಕಥೆ. 4ಜಿ ಹುಟ್ಟಿದ್ದೇ ಡೇಟಾಕ್ಕೆಂದು. ಅದರ ಮೇಲೆಯೇ ಮಾತನ್ನೂ ಸಾಗಿಸುವ ವೋಲ್ಟಿ ಇಲ್ಲದ ಕಡೆ, ಅಥವಾ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಟ್ಟ ಫೋನಿನಲ್ಲಿ, ಕರೆ ಬಂದ ಕೂಡಲೇ ಫೋನು 2ಜಿಗೋ 3ಜಿಗೋ ಇಳಿಯುತ್ತದೆ. 2ಜಿಗೆ ಇಳಿಯಿತೆಂದರೆ ಮಾತು ಮುಗಿಯುವವರೆಗೆ ನೆಟ್ ಆಸೆ ಬಿಡಬೇಕು.

ಫೋನಿನಲ್ಲಿರುವ ಡು ನಾಟ್ ಡಿಸ್ಟರ್ಬ್ ಈ ತೊಂದರೆಯನ್ನು ತೀರಿಸುವುದಿಲ್ಲ. ಅದು ಸದ್ದನ್ನಷ್ಟೇ ಅಡಗಿಸುತ್ತದೆ. ಕರೆ ಫೋನಿನವರೆಗೆ ಬಂದೇ ಬರುತ್ತದೆ, ಡೇಟಾವೂ ನಿಲ್ಲುತ್ತದೆ. ಕರೆಯನ್ನು ಟವರಿನ ಆಚೆಗೇ ತಡೆಯುವುದು ಕಾಲ್ ಬಾರಿಂಗ್ ಎಂಬ ಹಳೆಯ ಸೌಲಭ್ಯ. ಆಂಡ್ರಾಯ್ಡ್‌ನಲ್ಲಿ ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನೊಳಗೆ ಎಲ್ಲೋ ಅವಿತಿರುತ್ತದೆ. ಕಂಪನಿಗೊಂದು ಕಡೆ ಇಟ್ಟಿರುವುದರಿಂದ ಹುಡುಕಿಕೊಳ್ಳಬೇಕು. ಸಿಗದಿದ್ದರೆ ಡಯಲ್ ಮಾಡುವ ಜಾಗದಲ್ಲಿ *35*0000*11# ಎಂದು ಒತ್ತಿ ಕರೆಯ ಗುಂಡಿ ಅದುಮಬಹುದು. ತೆಗೆಯುವಾಗ ಮೊದಲ ನಕ್ಷತ್ರದ ಬದಲು ಹ್ಯಾಶ್: #35*0000*11#. ನಡುವಿನ ನಾಲ್ಕು ಸೊನ್ನೆ ಪಾಸ್‌ವರ್ಡ್, ಕಂಪನಿಯಿಂದ ಕಂಪನಿಗೆ ಬದಲಾಗಬಹುದು. ಅದನ್ನು ಮತ್ತೆ ಮತ್ತೆ ತಪ್ಪು ಒತ್ತಿದರೆ ಬೀಗ ಬೀಳುತ್ತದೆ, ಮತ್ತೆ ಕಂಪನಿಯವರ ಕಾಲಿಗೇ ಬೀಳಬೇಕು. ಕೊನೆಯ 11 ಮುಖ್ಯ. ತಡೆಯಬೇಕಾದದ್ದು ಮಾತನ್ನು ಮಾತ್ರ ಎಂದು ಅದರ ಅರ್ಥ. ಅದನ್ನು ಬಿಟ್ಟರೆ ಎಸ್ಸೆಮ್ಮೆಸ್ಸಿಗೂ ತಡೆ ಬಿದ್ದು ಒಟಿಪಿಯೇ ಬಾರದಂತಾಗಬಹುದು. ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಕಂಪನಿಗಳ ಜಾಲ ‘ಈ ಸೇವೆ ಲಭ್ಯವಿಲ್ಲ’ ಎಂದು ಕೈ ಎತ್ತುತ್ತದೆ. ರೀಚಾರ್ಜ್ ಮುಗಿಯಲು ಇನ್ನೂ ಮೂರು ದಿನ ಇರುವಾಗಲೇ ನೆನಪಿಸಲು ಮರೆಯದ ಕಂಪನಿಗಳಿಗೆ ಈ ಒಂದು ಗುಂಡಿಯನ್ನು ಕೈಗೆ ಸಿಗುವಂತೆ ಇಡಲು ಮಾತ್ರ ಬಿಡುವಾಗಿಲ್ಲ.

ಬಂದ ಕರೆಗಳನ್ನೆಲ್ಲ ಆಫ್ ಆಗಿರುವ ಇನ್ನೊಂದು ನಂಬರಿಗೆ ಫಾರ್ವರ್ಡ್ ಮಾಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಸ್ವತಃ ಸೆಟ್ಟಿಂಗ್ಸ್‌ಗೆ ಹೋಗಿ ಮಾಡಿಕೊಂಡರೆ ಅಡ್ಡಿಯಿಲ್ಲ. ಯಾರೋ ಫೋನಿನಲ್ಲಿ ಹೇಳಿದರೆಂದು *401*ನಿಂದ ಶುರುವಾಗುವ ನಂಬರನ್ನು ಮಾತ್ರ ಒತ್ತಬೇಡಿ. ನಿಮಗೆ ಬರಬೇಕಾದ ಕರೆಯನ್ನೂ ಕರೆಯಲ್ಲಿ ಬರುವ ಒಟಿಪಿಯನ್ನೂ ವಂಚಕರು ತಮ್ಮತ್ತ ತಿರುಗಿಸಿಕೊಳ್ಳುತ್ತಿದ್ದುದು ಈ ದಾರಿಯಲ್ಲೇ. ಇಂಥ ಕೋಡಿನ ಮೂಲಕ ಫಾರ್ವರ್ಡ್ ಮಾಡುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿದ್ದೂ ಅದಕ್ಕೇ.

ಫೋನು ಬಂದರೂ ಎತ್ತದಿರುವುದು ನಮಗೆ ಹೊಸದಲ್ಲ. 1995ರಲ್ಲಿ ದೇಶದಲ್ಲಿ ಮೊಬೈಲ್ ಶುರುವಾದಾಗ ಒಳಬರುವ ಕರೆಗೂ ನಿಮಿಷಕ್ಕೆ 8 ರೂಪಾಯಿ 40 ಪೈಸೆವರೆಗೆ ತೆರಬೇಕಿತ್ತು. ಕರ್ನಾಟಕಕ್ಕೆ ಸ್ಪೈಸ್, ಜೆಟಿಎಂ ಬಂದ ಕಾಲದಲ್ಲಿ ಸೊಂಟಕ್ಕೆ ಮೊಬೈಲ್ ಸಿಕ್ಕಿಸಿಕೊಂಡವರು ನಂಬರ್ ನೋಡಿ, ಕಟ್ ಮಾಡಿ, ಹತ್ತಿರದ ಎಸ್‌ಟಿಡಿ ಬೂತಿಗೆ ನಡೆಯುತ್ತಿದ್ದರು. ಒಳಬರುವ ಕರೆ ಬಿಟ್ಟಿಯಾದದ್ದು 2003ರ ಮೇ 1ರಿಂದ. ಆಮೇಲೆ ಎತ್ತದಿರಲು ಯಾರಿಗೂ ನೆಪವೇ ಉಳಿಯಲಿಲ್ಲ. ‘ಫೋನ್ ಮಾಡಿದ್ರೆ ಎತ್ತಲ್ವಲ್ಲ’ ಎಂಬ ದೂರು ಗಂಡ ಹೆಂಡಿರ ನಡುವಿನಿಂದ ತಾಲ್ಲೂಕು ಪಂಚಾಯಿತಿ ಸಭೆಯವರೆಗೆ ಎಲ್ಲ ಕಡೆ ಹಬ್ಬಿತು.

ಆಮೇಲೆ ಬಂದದ್ದು ಸೈಟು, ಸಾಲ, ಕ್ರೆಡಿಟ್ ಕಾರ್ಡು, ವಿಮೆಯ ಕರೆಗಳು. ತೆಂಗಿನ ತೋಟದಲ್ಲಿ ಕಾಯಿ ಸುಲಿಯುತ್ತಿರುವವನಿಗೆ ಹಿಂದಿಯಲ್ಲಿ ಕ್ರೆಡಿಟ್ ಕಾರ್ಡಿನ ಮಹಿಮೆ ವಿವರಿಸುವ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳದೂ ಹೊಟ್ಟೆಪಾಡು. ಸಿಟ್ಟು ಇರುವುದು ಲೆಕ್ಕವಿಲ್ಲದಷ್ಟು ನಿಯಮ ಮಾಡಿ ಒಂದನ್ನೂ ಊರಿನವರೆಗೆ ಮುಟ್ಟಿಸದವರ ಮೇಲೆ. ಇಂಥ ಕರೆ ಬೇಡವೆಂದು 1909ಕ್ಕೆ ಹೇಳುವ ವ್ಯವಸ್ಥೆ ಎಷ್ಟೋ ವರ್ಷಗಳಿಂದ ಇದೆ. 2018ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹೊಸ ನಿಯಮಾವಳಿ ತಂತು. ಜಾಹೀರಾತಿನ ಕರೆಗೆ 140ರ ಸಾಲು, ಬ್ಯಾಂಕು ಮತ್ತು ಸರ್ಕಾರದ ಸೇವೆಯ ಕರೆಗೆ 1600ರ ಸಾಲು ಎಂದು ಬೇರೆ ಮಾಡಿದ್ದಾಯಿತು. 2025ರ ಫೆಬ್ರವರಿ ತಿದ್ದುಪಡಿಯ ಪ್ರಕಾರ ಕರೆ ಬಂದ ಏಳು ದಿನದೊಳಗೆ ದೂರು ಕೊಡಬಹುದು, ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಆ ನಂಬರಿನ ಮೇಲೆ ಕ್ರಮ. ಕಾಗದದ ಮೇಲೆ ಸೊಗಸಾಗಿಯೇ ಇದೆ. ಕರೆ ಮಾತ್ರ ಮಾಮೂಲಿ ಹತ್ತಂಕಿಯ ನಂಬರಿನಿಂದಲೇ ಬರುತ್ತದೆ, ನಾಳೆ ಇನ್ನೊಂದು ಹತ್ತಂಕಿಯಿಂದ ಬರುತ್ತದೆ. ಡಂಗುರದ ತಮಟೆಯನ್ನು ಹಾದುಹೋಗುವವರೆಲ್ಲ ಬಾರಿಸುತ್ತಿದ್ದರೆ, ನಿಜವಾಗಿ ಡಂಗುರ ಸಾರಿದ ದಿನ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ.

ಹಾಗೆ ಹೊರಗೆ ಬಾರದಿರುವುದರಿಂದ ಏಟು ಬೀಳುತ್ತಿರುವುದು ಯಾರಿಗೆ? ಅಂಗನವಾಡಿಯವರನ್ನು ಕೇಳಿ. ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖದ ಗುರುತು ಹಿಡಿದೇ ಮನೆಗೆ ಆಹಾರದ ಪೊಟ್ಟಣ ಕೊಡಬೇಕೆಂಬ ನಿಯಮ 2025ರ ಜುಲೈನಿಂದ ಕಡ್ಡಾಯ. ಅದಕ್ಕೆ ಮೊದಲು ಆಧಾರ್ ಪರಿಶೀಲನೆ, ಅದಕ್ಕೊಂದು ಒಟಿಪಿ. ಬಾಣಂತಿ ಎದುರಿಗೇ ಮಗು ಎತ್ತಿಕೊಂಡು ನಿಂತಿರುತ್ತಾಳೆ. ಒಟಿಪಿ ಹೋಗುವುದು ಗಂಡನ ಫೋನಿಗೆ, ಗಂಡ ಇರುವುದು ಬೆಂಗಳೂರಿನ ಪೀಣ್ಯದಲ್ಲೋ ಬೇಲೂರಿನ ಕಾಫಿ ತೋಟದಲ್ಲೋ. ಟೀಚರ್ ತಮ್ಮ ಫೋನಿನಿಂದ ಮಾಡುತ್ತಾರೆ. ಗೊತ್ತಿಲ್ಲದ ನಂಬರು, ಅವನು ಎತ್ತುವುದಿಲ್ಲ. ಎತ್ತಿದರೂ ‘ಒಟಿಪಿ ಹೇಳಪ್ಪ’ ಅಂದ ಕೂಡಲೇ ಇಟ್ಟುಬಿಡುತ್ತಾನೆ. ಯಾರಿಗೂ ಒಟಿಪಿ ಹೇಳಬೇಡಿ ಎಂದು ಸರ್ಕಾರವೇ ಹಗಲೂ ರಾತ್ರಿ ಹೇಳಿಕೊಟ್ಟ ಪಾಠ ಅದು. ಒಂದು ಇಲಾಖೆ ಕಲಿಸಿದ ಎಚ್ಚರಿಕೆ ಇನ್ನೊಂದು ಇಲಾಖೆಯ ಕೆಲಸಕ್ಕೆ ಅಡ್ಡ ನಿಂತಿದೆ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆ ಮನೆ ಸುತ್ತಿದ ಮೇಷ್ಟ್ರುಗಳೂ ಸರ್ವರ್, ಸಿಗ್ನಲ್, ಒಟಿಪಿ ಎಂದು ಒದ್ದಾಡಿದವರೇ.

ಇನ್ನು ನೆಟ್ಟೂ ಬೇಕು, ರಿಂಗೂ ನಿಲ್ಲಬೇಕು ಎಂದು ಹಂಬಲಿಸುವವರಲ್ಲಿ ಹೆಚ್ಚಿನವರಿಗೆ ಕರೆ ತಡೆಯುವ ಗುಂಡಿ ಒತ್ತುವ ಧೈರ್ಯವೇ ಇಲ್ಲ. ದೊಡ್ಡ ಸಾಹೇಬರು ಫೋನ್ ಎತ್ತದಿದ್ದರೆ ಮೀಟಿಂಗ್‌ನಲ್ಲಿದ್ದಾರೆ ಎನ್ನುತ್ತೇವೆ. ಆಶಾ ಕಾರ್ಯಕರ್ತೆ ಎತ್ತದಿದ್ದರೆ ಮೆಮೋ. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್ 26ರಿಂದ ರಾಜ್ಯಾದ್ಯಂತ ಮುಷ್ಕರ ಕೂತರು, 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಡಜನ್‌ಗೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತೀರಿ, ಸಲಕರಣೆ ಎಲ್ಲಿ ಎಂದು ಕೇಳಿದರು. ಅದನ್ನು ಸಂಬಳ ಸವಲತ್ತಿನ ಗಲಾಟೆ ಎಂದಷ್ಟೇ ಓದಿದವರು ಹೆಚ್ಚು. ನನಗೆ ಕಂಡದ್ದು ಬೇರೆ. ಫೋಟೊ ತೆಗೆಯುವ ಕೈ, ದಾಖಲೆ ಕಳಿಸುವ ಕೈ, ‘ಆಯ್ತಾ?’ ಎಂದು ಕೇಳಿದರೆ ಉತ್ತರ ಕೊಡಬೇಕಾದ ಕೈ, ಎಲ್ಲ ಒಂದೇ. ಅದರಲ್ಲಿರುವ ಫೋನೂ ಒಂದೇ.

ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕನ್ನು ಆಸ್ಟ್ರೇಲಿಯಾ 2024ರ ಆಗಸ್ಟ್ 26ರಿಂದ ಕಾನೂನು ಮಾಡಿದೆ. ನಮ್ಮ ಲೋಕಸಭೆಯಲ್ಲೂ 2018ರ ಡಿಸೆಂಬರ್‌ನಲ್ಲಿ ಸುಪ್ರಿಯಾ ಸುಳೆ ಇಂಥದೊಂದು ಖಾಸಗಿ ಮಸೂದೆ ಮಂಡಿಸಿದ್ದರು. ಕಾನೂನಾಗಲಿಲ್ಲ. ಆಗಿದ್ದರೂ ಅಂಗನವಾಡಿ, ಆಶಾದವರಿಗೆ ಏನು ಸಿಗುತ್ತಿತ್ತೋ ಹೇಳುವುದು ಕಷ್ಟ. ಸರ್ಕಾರದ ಲೆಕ್ಕದಲ್ಲಿ ಅವರು ನೌಕರರೇ ಅಲ್ಲ, ಗೌರವಧನದವರು. ಗೌರವಧನಕ್ಕೆ ಕೆಲಸದ ಹೊತ್ತು ಎಲ್ಲಿ ಶುರು, ಎಲ್ಲಿ ಮುಗಿತಾಯ?

ಇಷ್ಟು ಬರೆದ ಮೇಲೂ ರಿಂಗನ್ನೇ ತೆಗೆದುಹಾಕಿ ಎನ್ನಲು ನನಗೆ ಮನಸ್ಸಿಲ್ಲ. ಬೇಲೂರಿನಿಂದ ಬಿಕ್ಕೋಡು, ಅರೇಹಳ್ಳಿ ಕಡೆ ಹೋದರೆ ಕಾರಣ ತಿಳಿಯುತ್ತದೆ. ಅಲ್ಲಿ ಬೆಳಿಗ್ಗೆ ತೋಟಕ್ಕೆ ಹೊರಡುವ ಮುಂಚೆ ಮೊದಲು ಕೇಳುವುದು ಆನೆ ಎಲ್ಲಿದೆ ಅಂತ. ಬೀಟಮ್ಮ ಎಂಬ ಆನೆಯ ಗುಂಪು ರಾತ್ರಿ ಯಾವ ತೋಟದಲ್ಲಿ ತಂಗಿತ್ತು, ಭೀಮನೆಂಬ ಆನೆ ಯಾವ ರಸ್ತೆ ದಾಟಿತು ಎಂಬುದು ಅಲ್ಲಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಸುದ್ದಿ. ಅರಣ್ಯ ಇಲಾಖೆಯವರೂ ಆನೆಗಳ ಬೆನ್ನು ಹತ್ತಿ ಜನರಿಗೆ ಮುನ್ಸೂಚನೆ ಕೊಡುತ್ತಾರೆ. ಆದರೆ ಕಾಫಿ ಗಿಡಗಳ ನಡುವೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯುತ್ತಿರುವ ಹೆಂಗಸು ಎರಡು ನಿಮಿಷಕ್ಕೊಮ್ಮೆ ವಾಟ್ಸ್ಆ್ಯಪ್ ನೋಡುವುದಿಲ್ಲ. ನೋಡುವುದಾದರೂ ಅಲ್ಲಿ ಡೇಟಾ ಸಿಗುವ ಭರವಸೆ ಇಲ್ಲ. ಅವಳನ್ನು ಮುಟ್ಟುವುದು ರಿಂಗ್ ಮಾತ್ರ. ಪಕ್ಕದ ತೋಟದ ರೈಟರ್ ಫೋನ್ ಮಾಡಿ ‘ಆ ಕಡೆ ಬರ್ತಾ ಐತೆ, ಲೈನ್ ಮನೆಗೆ ಹೋಗಿ’ ಎಂದರೆ ಜೀವ ಉಳಿಯುತ್ತದೆ. ಬೆಳಿಗ್ಗೆಯಿಂದ ಲೋನು, ಸೈಟು ಎಂದು ನಾಲ್ಕು ಸಲ ಬಡಿದುಕೊಂಡ ಫೋನನ್ನು ಅವಳು ಅಷ್ಟರಲ್ಲಿ ಬೇಸತ್ತು ಸೈಲೆಂಟ್ ಮಾಡಿಟ್ಟಿದ್ದರೆ?

ನನ್ನ ತಕರಾರು ಇಷ್ಟೇ. ರಿಂಗಿಗೆ ಇರುವ ಈ ಬೆಲೆಯನ್ನು ಸಾಲದ ಏಜೆಂಟರೂ ಕಚೇರಿಯ ಮೇಲಿನವರೂ ಪೋಲು ಮಾಡುತ್ತಿದ್ದಾರೆ. ಕಚೇರಿಗಳು ‘ಆಯ್ತಾ?’ ಎಂದು ಕೇಳಲು ಸಂದೇಶ ಕಳಿಸಬಹುದು, ಕೆಲಸ ಮುಗಿದ ಮೇಲೆ ಉತ್ತರ ಬರುತ್ತದೆ. ಇಲಾಖೆಗಳು ಹಳ್ಳಿಯವರಿಗೆ ಕರೆ ಮಾಡುವಾಗ ಇಲಾಖೆಯದೆಂದು ನೋಡಿದ ಕೂಡಲೇ ತಿಳಿಯುವ ನಂಬರಿನಿಂದ ಮಾಡಬಹುದು, ಅದಕ್ಕೆಂದೇ ಒಂದು ಸಾಲು ಇದೆ. ಡೇಟಾ ಬಳಸದವರಿಗಾಗಿ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಆದೇಶಿಸಿತು, ಕೊಟ್ಟರು. ಹಾಗೆಯೇ ಒಳಬರುವ ಕರೆಯನ್ನು ಹೊತ್ತು ಗೊತ್ತು ಮಾಡಿ ಜಾಲದಲ್ಲೇ ತಡೆಯುವ, ಬೇಕಾದ ಹತ್ತು ನಂಬರಿಗೆ ಮಾತ್ರ ದಾರಿ ಬಿಡುವ ಗುಂಡಿಯನ್ನು ಕೊಡಿ ಎನ್ನಬಹುದು. ಹಳೆಯ ಬಾರಿಂಗ್‌ನಲ್ಲಿ ಆ ಹತ್ತು ನಂಬರಿನ ವಿನಾಯಿತಿ ಇಲ್ಲ. ಬಂದರೆ ಎಲ್ಲ, ಇಲ್ಲದಿದ್ದರೆ ಯಾವುದೂ ಇಲ್ಲ.

ಅದು ಬರುವವರೆಗೆ, ಸಿಗ್ನಲ್ ಚೆನ್ನಾಗಿರುವ ಕಡೆಯವರು ಸದ್ದಿನ ಕಾಟವಾದರೂ ತಪ್ಪಲೆಂದು ಡು ನಾಟ್ ಡಿಸ್ಟರ್ಬ್ ಹಾಕಿ, ಬೇಕಾದವರ ನಂಬರಿಗೆ ಸ್ಟಾರ್ ಗುರುತು ಕೊಟ್ಟು, ಅವರ ಕರೆಗೆ ಮಾತ್ರ ಸದ್ದಾಗುವಂತೆ ಮಾಡಿಕೊಳ್ಳಿ. ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೆಯ ಸಲ ಕರೆ ಬಂದರೆ ಬಿಡು ಎನ್ನುವ ಆಯ್ಕೆಯೂ ಆಂಡ್ರಾಯ್ಡ್‌ನಲ್ಲಿದೆ, ಅದನ್ನು ಆನ್ ಮಾಡಿಡಿ. ಮನೆಯವರಿಗೆ, ತೋಟದವರಿಗೆ, ‘ತುರ್ತು ಇದ್ದರೆ ಎರಡು ಸಲ ಮಾಡಿ’ ಎಂದು ಹೇಳಿಟ್ಟರೆ ಸಾಕು. ಬಿಕ್ಕೋಡಿನ ಕಡೆಯವರು ನಿಮ್ಮ ಬೀಟಿನ ಫಾರೆಸ್ಟ್ ಗಾರ್ಡ್ ನಂಬರಿಗೂ ಸ್ಟಾರ್ ಹಾಕಿ. ಅವರಿಗೆ ವರ್ಗವಾದರೆ ಹೊಸಬರ ನಂಬರು ಕೇಳಿ ಪಡೆದು ಬದಲಿಸಿಕೊಳ್ಳಿ.